ಮಾಮಾ ಆರಿಸಿದ ಡಿಗ್ರಿ

ನನ್ನ ಅಕ್ಕನ ಮಗಳ ಮೂರು ವರ್ಷ ಹಾಳು ಮಾಡಿದವನು ನಾನು. ಇದನ್ನು ಹೇಳುವಾಗ ನನಗೆ ಎದೆ ಹೊಡೆದುಕೊಳ್ಳುವುದಿಲ್ಲ, ಕಣ್ಣು ತುಂಬುವುದಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಹಾಗಿದೆ. ಮುಟ್ಟಿದರೆ ಅಲ್ಲೇ ಇದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಇವತ್ತೋ ನಾಳೆಯೋ ಈ ಮರಗಟ್ಟಿದ್ದು ಬಿಡುತ್ತದೆ ಅಂದುಕೊಂಡಿದ್ದೆ. ವರ್ಷವಾಗುತ್ತ ಬಂತು.

ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವನು. ಜೇವರ್ಗಿಯಲ್ಲಿ ಒಂಬತ್ತು ವರ್ಷ ಅತಿಥಿ ಉಪನ್ಯಾಸಕ ಅಂತ ಚಪ್ಪಲಿ ಸವೆಸಿದೆ. ಆಮೇಲೆ ಅಫಜಲಪುರದಲ್ಲಿ ಕಾಯಂ ಆದೆ. ಈಗ ಆಳಂದದಲ್ಲಿದ್ದೇನೆ. ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಎಂ.ಕಾಂ. ಅಂತ ಬರೆದುಕೊಳ್ಳುವವನು ನಾನೊಬ್ಬನೇ. ಹೀಗಾಗಿ ನಮ್ಮವರ ಮನೆಗಳಿಗೆ ಯಾವ ಕಾಗದ ಬಂದರೂ, ಬ್ಯಾಂಕಿನದಿರಲಿ, ತಹಶೀಲ್ದಾರ್ ಕಚೇರಿಯದಿರಲಿ, ಯಾರೂ ಅದನ್ನು ಓದುವುದಿಲ್ಲ. ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಕೆಳಗೆ ಇಟ್ಟು, ನಾನು ಬರುವ ತನಕ ಕಾಯುತ್ತಾರೆ. "ಮಾಮಾ ಬಂದು ನೋಡ್ಲಿ" ಅನ್ನುತ್ತಾರೆ. ಓದಲು ಬರುವವರೂ ಓದುವುದಿಲ್ಲ. ಓದಿದರೆ ನನಗೆ ಮರ್ಯಾದೆ ಕಡಿಮೆ ಮಾಡಿದಂತೆ. ನಾನು ಬಂದು, ಕೈಕಾಲು ತೊಳೆದು, ಚಹಾ ಕುಡಿದು, ಕನ್ನಡಕ ಏರಿಸಿ, "ಇದು ಹಿಂಗದ ನೋಡ್ರಿ" ಅಂದ ಮೇಲೆಯೇ ಆ ಕಾಗದಕ್ಕೆ ಅರ್ಥ ಬರುವುದು. ಮೇಲಾಗಿ ಸೋದರಮಾವ. ನಮ್ಮ ಕಡೆ ಹೆಣ್ಣುಮಗುವಿನ ತೊಟ್ಟಿಲ ದಿನದಿಂದ ಮದುವೆಯ ಅಕ್ಕಿಕಾಳಿನ ತನಕ ಸೋದರಮಾವನ ಮಾತಿಗೆ ಒಂದು ತೂಕ ಇದೆ. ನಾನು ಆ ತೂಕಕ್ಕೆ ನನ್ನ ಎಂ.ಕಾಂ. ಕೂಡ ಸೇರಿಸಿಕೊಂಡಿದ್ದೆ. ಸೊಕ್ಕು ಅನ್ನಿ ಬೇಕಾದರೆ. ಸೊಕ್ಕೇ ಅದು.

ಆ ಸೊಕ್ಕಿಗೆ ಒಂದು ಆಧಾರವೂ ಇತ್ತು. ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ ಅಂತ ಹೇಳುತ್ತೇನೆ. ನಮ್ಮ ಕಡೆಯ ಜಿಲ್ಲೆಗಳು ಹಿಂದುಳಿದವು ಅಂತ ಸಂವಿಧಾನದಲ್ಲೇ ಒಂದು ಕಲಮು ಸೇರಿಸಿದ್ದಾರೆ, 371ಜೆ. ಈ ನೆಲದವರು ಅಂತ ತೋರಿಸಿದರೆ ಒಂದು ಪ್ರಮಾಣಪತ್ರ ಕೊಡುತ್ತಾರೆ. ಅದು ಕೈಯಲ್ಲಿದ್ದರೆ ರಾಜ್ಯ ಸರ್ಕಾರದ ನೌಕರಿಯಲ್ಲಿ, ಕಾಲೇಜು ಸೀಟಿನಲ್ಲಿ ನಮಗೊಂದು ಪಾಲು. ಒಂಬತ್ತು ವರ್ಷ ಬಾಗಿಲು ಬಡಿದರೂ ತೆರೆಯದ ನನ್ನ ನೌಕರಿ ಆ ಒಂದು ಕಾಗದದಿಂದ ತೆರೆಯಿತು. ಅಂದಿನಿಂದ ಯಾರು ಏನೇ ಕೇಳಲಿ, ನನ್ನ ಬಾಯಲ್ಲಿ ಮೊದಲು ಬರುವ ಮಾತು ಒಂದೇ: "371ಜೆ ತಗಸೀರೇನು?" ನನ್ನ ಬಾಯಲ್ಲಿ ಮಾತ್ರವಲ್ಲ, ಇಲ್ಲಿ ಎಲ್ಲರ ಬಾಯಲ್ಲೂ ಅದೇ. ಚಹಾದ ಅಂಗಡಿಯಲ್ಲಿ ಕೂತವರೂ ಹೇಳುತ್ತಾರೆ. ಅಫಜಲಪುರದಲ್ಲಿದ್ದಾಗ ಸೊನ್ನದ ಬ್ಯಾರೇಜಿನ ಹತ್ತಿರದ ಹಳ್ಳಿಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿಗೆ ನಾನೇ ಬೆನ್ನು ಹತ್ತಿ ಆ ಪತ್ರ ತೆಗೆಸಿಕೊಟ್ಟೆ. ಅವಳಿಗೆ ತಾಲೂಕು ಕಚೇರಿಯಲ್ಲಿ ಕೆಲಸವಾಯಿತು. ಅವಳ ತಾಯಿ ಪೇಡೆ ಹಿಡಿದುಕೊಂಡು ಬಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನನ್ನ ಕಾಲಿಗೆ ಬಿದ್ದಳು. ಆ ಪೇಡೆ ನನಗೆ ಜೀರ್ಣವಾಗಲಿಲ್ಲ ಅಂತ ಕಾಣುತ್ತದೆ.

ಅಕ್ಕನನ್ನು ಕೊಟ್ಟದ್ದು ಭೂಸನೂರಿಗೆ. ಅಲ್ಲಿ ಸಕ್ಕರೆ ಕಾರ್ಖಾನೆ ಇದೆ, ಭಾವನದು ಕಬ್ಬಿನ ಹೊಲ. ಕಬ್ಬು ಅರೆಯುವ ಹಂಗಾಮಿನಲ್ಲಿ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿ ನಿಲ್ಲುತ್ತವೆ. ಬೇರೆ ಮಕ್ಕಳು ಗಾಡಿಯ ಹಿಂದಿನಿಂದ ಕಬ್ಬು ಎಳೆಯಲು ಓಡಿದರೆ, ಅಕ್ಕನ ಮಗಳು ಅಪ್ಪನಿಗೆ ಬುತ್ತಿ ಕೊಟ್ಟು ಬರುವ ನೆಪ ಮಾಡಿ ಪಾಳಿಯ ಚೀಟಿ ಕೊಡುವವನ ಕಿಟಕಿಯ ಹತ್ತಿರ ನಿಲ್ಲುತ್ತಿದ್ದಳಂತೆ. ಯಾವ ಗಾಡಿ ಮೊದಲು, ಯಾವುದು ಆಮೇಲೆ, ಒಂದು ಕೆಟ್ಟು ನಿಂತರೆ ಹಿಂದಿನವನ್ನು ಹೇಗೆ ಬಿಡಬೇಕು, ಅದನ್ನೇ ನೋಡುತ್ತ ನಿಂತಿರುತ್ತಿದ್ದಳು. "ಇದಕ್ಕ ಹುಚ್ಚ ಹಿಡದದ" ಅಂತ ಅಕ್ಕ ನಗುತ್ತಿದ್ದಳು.

ಕಲಬುರಗಿಗೆ ವಿಮಾನ ನಿಲ್ದಾಣ ಬಂದ ಹೊಸದರಲ್ಲಿ ಶಾಲೆಯವರು ಮಕ್ಕಳನ್ನು ನೋಡಲು ಕರೆದುಕೊಂಡು ಹೋದರು. ಹೋಗಿ ಬಂದ ಮೇಲೆ ಎಲ್ಲರೂ ವಿಮಾನ ಎಷ್ಟು ದೊಡ್ಡದು ಅಂತ ಕೈ ಅಗಲಿಸಿ ಹೇಳಿದರೆ, ಇವಳು ನನಗೆ ಫೋನು ಮಾಡಿ ಕೇಳಿದ್ದು ಬೇರೆ.

"ಮಾಮಾ, ಇಮಾನಕ್ಕೂ ಪಾಳಿ ಇರ್ತದಲ್ರಿ? ಅದನ್ನ ಯಾರ್ ಕೊಡ್ತಾರ್ರಿ?"

"ಅದಕ್ಕಂತ ಆಫೀಸರ್ ಇರ್ತಾರ ಬೇ."

"ಅವರು ಎಷ್ಟ್ ಓದಿರ್ತಾರ್ರಿ?"

"ಭಾಳ ಓದಿರ್ತಾರ" ಅಂದೆ. ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದು ನನ್ನ ಬಾಯಿಗೆ ರೂಢಿ ಇರಲಿಲ್ಲ.

ಪಿಯುಸಿಯಲ್ಲಿ ಅವಳು ಸೈನ್ಸ್ ತೆಗೆದುಕೊಂಡಳು. ಗಣಿತದಲ್ಲಿ, ಭೌತಶಾಸ್ತ್ರದಲ್ಲಿ ಒಳ್ಳೆಯ ಅಂಕ ಬಂದವು. ಇಂಜಿನಿಯರಿಂಗಿಗೆ ಸಿಇಟಿಯಲ್ಲಿ ರ‍್ಯಾಂಕು ಸಾಲಲಿಲ್ಲ. ಇನ್ನು ಡಿಗ್ರಿಯೇ. ಯಾವ ಡಿಗ್ರಿ ಅಂತ ಗೊತ್ತು ಮಾಡಲು ಒಂದು ರವಿವಾರ ನಾನು ಭೂಸನೂರಿಗೆ ಹೋದೆ. ಜಗಲಿಯ ಮೇಲೆ ಎರಡು ಕಾಗದಗಳಿದ್ದವು. ಒಂದು ಆಳಂದದ ನಮ್ಮ ಕಾಲೇಜಿನ ಬಿಎಸ್ಸಿ ಅರ್ಜಿ. ಇನ್ನೊಂದು ಕಲಬುರಗಿಯ ಒಂದು ಖಾಸಗಿ ಕಾಲೇಜಿನ ಬಣ್ಣದ ಪುಸ್ತಿಕೆ, ಬಿಬಿಎ, ವಿಮಾನ ನಿಲ್ದಾಣ ನಿರ್ವಹಣೆ. ಪುಸ್ತಿಕೆಯಲ್ಲಿ ಸುಳ್ಳೇನೂ ಇರಲಿಲ್ಲ, ಇವತ್ತಿಗೂ ಅವರ ಮೇಲೆ ನನ್ನ ತಕರಾರಿಲ್ಲ. ಟಿಕೆಟ್ ಕೌಂಟರು, ಸರಕು ಸಾಗಣೆ, ಪ್ರಯಾಣಿಕರ ಸೇವೆ, ಖಾಸಗಿ ಕಂಪನಿಗಳಲ್ಲಿ ಅವಕಾಶ ಅಂತ ಸರಿಯಾಗಿಯೇ ಬರೆದಿದ್ದರು. ಓದಿದವನು ನಾನು. ನಿರ್ವಹಣೆ ಅನ್ನುವ ಶಬ್ದ ಕಂಡಿತು, ಅದು ನನ್ನ ಶಾಸ್ತ್ರದ ಶಬ್ದ. ಅಲ್ಲಿಗೆ ಕನ್ನಡಕ ತೆಗೆದು ಮಡಚಿಟ್ಟೆ.

"ಇದು ನೋಡ್ರಿ" ಅಂದೆ. "ಏರ್‌ಪೋರ್ಟ್ ನಡಸೂದನ್ನೇ ಕಲಸ್ತಾರ. ಸೀದಾ ಮ್ಯಾನೇಜರ್."

ಹುಡುಗಿ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದಳು. "ಮಾಮಾ, ಬಿಎಸ್ಸಿ ಮಾಡಿದ್ರ ಆಗಂಗಿಲ್ಲೇನ್ರಿ?" ಅಂದಳು.

"ಬಿಎಸ್ಸಿ ಮಾಡಿ ಏನ್ ಮಾಡ್ತಿ? ಸಾಲ್ಯಾಗ ಹುಡುಗರ ಮೂಗು ಒರಸ್ತಿ?"

ಎಲ್ಲರೂ ನಕ್ಕರು. ಅಕ್ಕ ನಕ್ಕಳು, ಪಕ್ಕದ ಮನೆಯ ಮುದುಕಿ ನಕ್ಕಳು. ಹುಡುಗಿಯೂ ನಕ್ಕಳು. ಮಾಮಾ ಚ್ಯಾಷ್ಟೆ ಮಾಡಿದರೆ ನಗಲೇಬೇಕಲ್ಲ.

ಭಾವ ಮಾತ್ರ ನಗಲಿಲ್ಲ. ಅವನು ಕಡಿಮೆ ಮಾತಿನವನು, ನನ್ನನ್ನು ಮೊದಲಿನಿಂದಲೂ ಮಾಸ್ತರ ಅಂತಲೇ ಕರೆಯುವುದು. "ಮಾಸ್ತರ, ಒಂದ್ ಮಾತು" ಅಂದ. "ಓದ್ಲಿ, ನನಗೇನಿಲ್ಲ. ಖರೆ ಕೆಲಸ ಇಲ್ಲೇ ಕಲಬುರಗ್ಯಾಗ ಸಿಗ್ತದೇನ್ರಿ? ದೂರ ಕಳಸಾಕ ನನಗ ಮನಸಿಲ್ಲ. ಅಕಿಗೂ ಇಲ್ಲೇ ಮಾಡೂದದ."

"ಏರ್‌ಪೋರ್ಟ್ ಯಾವ ಜಿಲ್ಲಾದಾಗ ಅದ?" ಅಂದೆ ನಾನು.

"ನಮ್ಮದ್ರಾಗ."

"371ಜೆ ಯಾರಿಗದ?"

"ನಮಗ."

"ಮತ್ತ? ಪಕ್ಕಾ ಸಿಗ್ತದ. ನಾ ಇದ್ದೇನಲ್ಲ!"

ಅಲ್ಲಿಗೆ ಮುಗಿಯಿತು. ಅಕ್ಕ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ನಾನು ಎರಡು ರೊಟ್ಟಿ ಹೆಚ್ಚಿಗೇ ತಿಂದೆ. ಬಿಎಸ್ಸಿಯ ಅರ್ಜಿಯ ಮೇಲೆ ಅಕ್ಕ ಬಿಸಿ ಪಾತ್ರೆ ಇಟ್ಟಿದ್ದಳು, ಅದನ್ನೂ ನೋಡಿದೆ. ಏನೂ ಅನ್ನಿಸಲಿಲ್ಲ.

ಮರುವಾರ ನಾನೇ ಓಡಾಡಿ ಅವಳ 371ಜೆ ಪ್ರಮಾಣಪತ್ರ ತೆಗೆಸಿದೆ. ಶಾಲೆಯ ದಾಖಲೆ, ಅಪ್ಪನ ಪಹಣಿ, ವಾಸದ ದಾಖಲೆ, ಒಂದೊಂದಕ್ಕೂ ಒಂದೊಂದು ಮೇಜು. ಬೆವರು ಸುರಿಸಿಕೊಂಡು ಪತ್ರ ಹಿಡಿದು ಹೊರಗೆ ಬಂದಾಗ ಅರ್ಧ ಕೆಲಸ ಕೊಡಿಸಿಬಿಟ್ಟೆ ಅನ್ನುವ ಧಿಮಾಕು ನನಗೆ. ಆ ಪತ್ರದ ಮೇಲೆ ಅದು ಎಲ್ಲೆಲ್ಲಿ ನಡೆಯುತ್ತದೆ ಅಂತ ಕನ್ನಡದಲ್ಲೇ ಬರೆದಿರುತ್ತದೆ. ನನ್ನದೂ ಮನೆಯಲ್ಲಿದೆ. ಎಷ್ಟು ವರ್ಷದಿಂದ ಇದೆ! ಹೆಸರು ಸರಿಯಾಗಿದೆಯೋ ಇಲ್ಲವೋ ಅಂತ ನೋಡಿದ್ದು ಬಿಟ್ಟರೆ ನಾನು ಅದನ್ನು ಓದಿದವನೇ ಅಲ್ಲ.

ಅವಳು ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದಿದಳು. ಕಾಲೇಜಿನಲ್ಲಿ ಕೋಟು, ಕೊರಳಿಗೆ ಕಟ್ಟುವ ಪಟ್ಟಿ, ಕರಿ ಬೂಟು. ಮೊದಲ ಸಲ ಆ ವೇಷದಲ್ಲಿ ಊರಿನ ಬಸ್ಸಿಳಿದಾಗ ಕಟ್ಟೆಯ ಮೇಲಿನವರು, "ಏನವಾ, ಇಮಾನ ಎಲ್ಲಿ ಬಿಟ್ಟ್ ಬಂದಿ?" ಅಂತ ಕಾಡಿಸಿದರಂತೆ. "ಪಂಚರ್ ಆಗ್ಯಾದ ಕಾಕಾ, ನೂಕಾಕ ಬರ್ತೀರೇನು?" ಅಂದಳಂತೆ ಇವಳು. ಆಗ ಬಾಯಿ ಚುರುಕಿತ್ತು. ಪರೀಕ್ಷೆಯಲ್ಲಿ ಯಾವಾಗಲೂ ಮೊದಲ ಇಬ್ಬರು ಮೂವರಲ್ಲಿ ಇರುತ್ತಿದ್ದಳು. ಕೊನೆಯ ವರ್ಷ ಎರಡು ತಿಂಗಳು ಹೈದರಾಬಾದಿನ ವಿಮಾನ ನಿಲ್ದಾಣಕ್ಕೆ ತರಬೇತಿಗೆ ಹೋಗಿ ಬಂದಳು. ಪ್ರಯಾಣಿಕರಿಗೆ ಸಾಲು ತೋರಿಸುವುದು, ಗಾಲಿಕುರ್ಚಿ ತರಿಸುವುದು, ಚೀಲಕ್ಕೆ ಪಟ್ಟಿ ಕಟ್ಟುವುದು. "ಹೆಂಗಿತ್ತು?" ಅಂದೆ. "ಛಲೋ ಇತ್ರಿ. ಕಾಲ್ ನೋಯ್ತಾವ" ಅಂದಳು. ಪಾದ ಒತ್ತಿಕೊಳ್ಳುತ್ತ, "ಪಾಳಿ ಕೊಡೋರು ಮ್ಯಾಲ ಇರ್ತಾರ್ರಿ, ಅಲ್ಲಿಗಿ ನಮಗ ಬಿಡಂಗಿಲ್ಲ" ಅಂದಳು. ನಾನು ತಲೆಯಾಡಿಸಿ ಪೇಪರು ಓದಿದೆ.

ಡಿಗ್ರಿ ಮುಗಿದ ಬೇಸಿಗೆಯಲ್ಲಿ ವಿಮಾನ ನಿಲ್ದಾಣಗಳಿಗೆ ಅಧಿಕಾರಿಗಳು ಬೇಕೆಂದು ಕೇಂದ್ರ ಸರ್ಕಾರದ ಪ್ರಕಟಣೆ ಬಂತು. ಅವಳು ಭೂಸನೂರಿನಿಂದ ಬೆಳಗಿನ ಬಸ್ಸಿಗೆ ಆಳಂದದ ನನ್ನ ಮನೆಗೆ ಬಂದಳು. ಫೋನು ನನ್ನ ಮುಂದಿಟ್ಟು, "ನೋಡ್ರಿ ಮಾಮಾ" ಅಂದಳು. ನಾನು ಕನ್ನಡಕ ಏರಿಸಿದೆ. ವಿಮಾನಗಳಿಗೆ ಪಾಳಿ ಕೊಡುವ ಹುದ್ದೆಗೆ, ಅಂದರೆ ಏರ್ ಟ್ರಾಫಿಕ್ ಕಂಟ್ರೋಲಿಗೆ, ಭೌತಶಾಸ್ತ್ರ, ಗಣಿತ ಓದಿದ ಬಿಎಸ್ಸಿ, ಇಲ್ಲವೇ ಇಂಜಿನಿಯರಿಂಗ್. ನಿಲ್ದಾಣ ನಡೆಸುವ ಇನ್ನೊಂದು ಹುದ್ದೆಗೆ ವಿಜ್ಞಾನದ ಪದವಿಯ ಮೇಲೆ ಎಂಬಿಎ, ಇಲ್ಲವೇ ಅದೇ ಇಂಜಿನಿಯರಿಂಗ್. ಬಿಬಿಎ ಅನ್ನುವ ಮೂರು ಅಕ್ಷರ ಎಲ್ಲೂ ಇಲ್ಲ. ಕೆಳಗೆ ಇಳಿದೆ. ಮೇಲೆ ಹತ್ತಿದೆ. ಮೀಸಲಾತಿಯ ಭಾಗಕ್ಕೆ ಹೋದೆ. ದೇಶಕ್ಕೆಲ್ಲ ಇರುವ ಮೀಸಲಾತಿ ಇತ್ತು. ನಮ್ಮ 371ಜೆ ಇರಲಿಲ್ಲ.

"ಬಿಟ್ಟಾರ" ಅಂದೆ. "ಟೈಪ್ ಮಾಡೋರು ಬಿಟ್ಟಾರ ಇದನ್ನ."

ನಾನು ಇಬ್ಬರು ಮೂವರಿಗೆ ಫೋನು ಮಾಡಿದೆ. ಅವರೂ ನನ್ನಂಥವರೇ, "ಇರಬೇಕಲ್ರಿ ಸರ್, ಏರ್‌ಪೋರ್ಟ್ ನಮ್ಮಲ್ಲೇ ಅದಲ್ಲ" ಅಂದರು. ಅದನ್ನೇ ಗಟ್ಟಿ ಮಾಡಿಕೊಂಡು, "ನಡೀ, ಅಲ್ಲೇ ಹೋಗಿ ಕೇಳೂಣು" ಅಂತ ಅವಳನ್ನು ಎಬ್ಬಿಸಿಕೊಂಡು ಹೊರಟೆ.

ಕಲಬುರಗಿಯ ನಿಲ್ದಾಣದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗುತ್ತಿಗೆಯ ಮೇಲೆ ಕಚೇರಿ ಕೆಲಸಕ್ಕಿದ್ದ. ಅವನು ಹೇಳಿ ಒಬ್ಬ ಅಧಿಕಾರಿಯನ್ನು ಗೇಟಿನ ಹತ್ತಿರದ ಕೋಣೆಗೆ ಕರೆತಂದ. ಉತ್ತರದ ಕಡೆಯವರು, ಸಣ್ಣ ವಯಸ್ಸು, ಬಹಳ ಮರ್ಯಾದಸ್ಥರು. ನಾನು ನಮ್ಮ ಕಡೆಯ ಹಿಂದಿಯಲ್ಲಿ ನನ್ನ ವಾದ ಮಂಡಿಸಿದೆ. ಜಿಲ್ಲೆ ನಮ್ಮದು, ಕಲಮು ಸಂವಿಧಾನದ್ದು, ಹುಡುಗಿ ಇಲ್ಲಿಯವಳು. ಪ್ರಮಾಣಪತ್ರ ಮೇಜಿನ ಮೇಲಿಟ್ಟೆ. ಅವರು ಅದನ್ನು ಕೈಗೆತ್ತಿಕೊಂಡು, ಕನ್ನಡ ಓದಲು ಬಾರದ್ದಕ್ಕೆ ನನ್ನ ಕಡೆಗೇ ತಿರುಗಿಸಿ, ಇದರಲ್ಲಿ ಏನು ಬರೆದಿದೆ ಓದಿ ಹೇಳಿ ಅಂದರು. ಓದಿದೆ. ರಾಜ್ಯ ಸರ್ಕಾರದ ಹುದ್ದೆಗಳು, ಶಿಕ್ಷಣ ಸಂಸ್ಥೆಗಳು ಅಂತ ಬಂತು. ಓದುತ್ತ ಓದುತ್ತ ನನ್ನ ದನಿ ಸಣ್ಣದಾಯಿತು. ಹಿಂದಿಗೆ ತಿರುಗಿಸಿ ಹೇಳುವ ಅಗತ್ಯ ಬೀಳಲಿಲ್ಲ. ಇದು ಕೇಂದ್ರದ್ದು ಸರ್, ನಾನೂ ನನ್ನ ಊರು ಬಿಟ್ಟು ಇಲ್ಲಿಗೆ ಬಂದವನು ಅಂದರು ಅವರು. ಆಮೇಲೆ ಹುಡುಗಿಯ ಕಡೆ ನೋಡಿ, ಪಿಯುಸಿಯಲ್ಲಿ ಗಣಿತ ಇತ್ತೇನಮ್ಮ ಅಂತ ಕೇಳಿದರು. ಇತ್ತು ಅಂದಳು. ಹಾಗಾದರೆ ಬಿಎಸ್ಸಿ ಮಾಡಿದ್ದರೆ ಈ ಸಲ ಅರ್ಜಿ ಹಾಕಬಹುದಿತ್ತು ಅಂದರು. ಅವರ ಮುಖದಲ್ಲಿ ಕೆಡುಕೇನೂ ಇರಲಿಲ್ಲ. ಗೊತ್ತಿದ್ದದ್ದನ್ನು ಹೇಳಿದರು ಅಷ್ಟೇ.

ಮರಳಿ ಬರುವಾಗಿನದು ನನಗೆ ಹೆಚ್ಚು ನೆನಪಿಲ್ಲ. ಆಳಂದದ ಬಸ್ಸು ಖಾಲಿ ಇತ್ತು. ಬಿಸಿಲು ನನ್ನ ತೊಡೆಯ ಮೇಲೆ ಬಿದ್ದಿತ್ತು, ಸುಡುತ್ತಿತ್ತು, ನಾನು ಕಾಲು ಸರಿಸಲಿಲ್ಲ. ಹುಡುಗಿ ತನ್ನ ಬಾಟಲಿ ನನ್ನ ಕಡೆ ಚಾಚಿ, "ನೀರ್ ಕುಡೀರಿ ಮಾಮಾ" ಅಂದಳು. ಕುಡಿದೆ. ಅವಳು ಅಳುತ್ತಾಳೆ, ಆಗ ನಾನು ಸಮಾಧಾನ ಮಾಡಬಹುದು ಅಂತ ಕಾದೆ. ಅವಳು ಅಳಲಿಲ್ಲ. ಕಿಟಕಿಯಾಚೆ ತೊಗರಿ ಕಿತ್ತ ಹೊಲಗಳಿದ್ದವು, ಅವನ್ನೇ ನೋಡುತ್ತ ಕೂತಳು.

ಮರುದಿನ ಭೂಸನೂರಿಗೆ ಹೋದೆ. ಬೈಸಿಕೊಳ್ಳಲು ಹೋದದ್ದು. ದಾರಿಯುದ್ದಕ್ಕೂ ಭಾವ ಏನೇನು ಅನ್ನಬಹುದು ಅಂತ ಎಣಿಸಿ, ಎಲ್ಲದಕ್ಕೂ ತಲೆ ತಗ್ಗಿಸಬೇಕು ಅಂತ ಗಟ್ಟಿ ಮಾಡಿಕೊಂಡಿದ್ದೆ. ಅವನು ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದ. ನಿಂತಲ್ಲೇ ಹೇಳಿದೆ. ಆ ಡಿಗ್ರಿಗೆ ಈ ನೌಕರಿ ಇಲ್ಲ, ನಮ್ಮ ಪತ್ರ ಅಲ್ಲಿ ನಡೆಯುವುದಿಲ್ಲ, ನಾನು ತಿಳಿಯದೆ ಹೇಳಿದೆ, ತಪ್ಪು ನನ್ನದು. ಅವನು ನೀರು ಸುರಿಯುವುದನ್ನು ನಿಲ್ಲಿಸಿ ಕೇಳಿದ. ಮುಗಿದ ಮೇಲೆ ಇನ್ನೊಂದು ಕಾಲಿಗೂ ನೀರು ಸುರಿದುಕೊಂಡ.

"ಆಯ್ತು ಬಿಡ್ರಿ ಮಾಸ್ತರ" ಅಂದ. "ಊಟಕ್ಕ ಏಳ್ರಿ."

ಅಕ್ಕ ತಾಟು ಇಟ್ಟಳು. ಅದೇ ರೊಟ್ಟಿ, ಅದೇ ಪುಂಡಿಪಲ್ಯ. ಯಾವಾಗಿನಂತೆ ನನಗೆ ಮೊದಲು ಬಡಿಸಿದಳು, ತುಪ್ಪ ಹೆಚ್ಚು ಹಾಕಿದಳು. ನನಗೆ ಸಿಟ್ಟು ನೆತ್ತಿಗೇರಿತು. ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟಿರುವ ಮನುಷ್ಯ ನಾನು. ತಾಟು ನೂಕಿ, "ಬೈರಿ ನನಗ! ಯಾರರೆ ಬೈರಿ! ಹಿಂಗ ಮೂಕರಂಗ ಕೂತ್ರ ನಾ ಏನ್ ಮಾಡ್ಲಿ?" ಅಂತ ಒದರಿದೆ.

"ಯಾಕ ಒದರ್ತಿ ತಮ್ಮಾ?" ಅಂದಳು ಅಕ್ಕ. "ನೀ ಬೇಕಂತ ಮಾಡಿದೇನು? ನಮಗೇನ್ ತಿಳೀತದ, ನಿನಗ ಕೇಳಿದ್ವಿ. ಮುಂದೂ ನಿನಗ ಕೇಳೋರೇ. ಉಣ್ಣು."

ಮುಂದೂ ನಿನಗೇ ಕೇಳುವವರು ಅಂದಳಲ್ಲ, ಅಲ್ಲಿಂದ ಈ ಮರಗಟ್ಟುವಿಕೆ ಶುರುವಾದದ್ದು. ಸಿಟ್ಟು ಇಳಿಯಿತು, ಅದರ ಜಾಗದಲ್ಲಿ ಏನೂ ಬರಲಿಲ್ಲ. ತುಪ್ಪ ಹಾಕಿದ ರೊಟ್ಟಿ ಬಾಯಲ್ಲಿಟ್ಟರೆ ರುಚಿ ಹತ್ತಲಿಲ್ಲ. ಆದರೂ ಉಂಡೆ. ಉಣ್ಣದಿದ್ದರೆ ಅಕ್ಕ ನೊಂದುಕೊಳ್ಳುತ್ತಾಳೆ.

ನನ್ನ ಚಾಳಿ ನೋಡಿ, ಕೈ ತೊಳೆಯುವಷ್ಟರಲ್ಲಿ ಮತ್ತೆ ಸಲಹೆ ಶುರು ಮಾಡಿದೆ. ಹೈದರಾಬಾದಿನ ಒಂದು ಕಂಪನಿಯವರು ಅವಳನ್ನು ಕೌಂಟರ್ ಕೆಲಸಕ್ಕೆ ಕರೆದಿದ್ದರು, ವರ್ಷದ ಕರಾರು. "ಸದ್ಯಕ್ಕ ಅದಕ್ಕ ಹೋಗ್ಲಿ, ಅನುಭವ ಆಗ್ತದ, ಆಮ್ಯಾಲ ಎಂಬಿಎ ಮಾಡಸೂಣು" ಅಂತ ಒಂದೇ ಉಸಿರಿಗೆ ಹೇಳಿದೆ. ಹೇಳುತ್ತಿರುವಾಗಲೇ ಇದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಅಕ್ಕ ಹೌದೌದು ಅಂತ ತಲೆಯಾಡಿಸುತ್ತಿದ್ದಳು. ಭಾವ ಮಗಳ ಕಡೆ ನೋಡಿದ.

"ನೋಡ್ತೇನ್ರಿ ಮಾಮಾ" ಅಂದಳು ಅವಳು. ಕಂಪನಿಯ ಕಾಗದವನ್ನು ಜಗಲಿಯ ಮೇಲಿಂದ ತೆಗೆದುಕೊಂಡು ಒಳಗೆ ಹೋದಳು. ಆ ಮನೆಯಲ್ಲಿ ಒಂದು ಕಾಗದ ನನ್ನ ಕೈಗೆ ಬರದೆ ಒಳಗೆ ಹೋದದ್ದು ಅದೇ ಮೊದಲು.

ಅದೇ ವರ್ಷದ ಜೂನಿನಲ್ಲಿ ಕಾಲೇಜು ಪ್ರವೇಶ ಶುರುವಾಯಿತು. ಈಗ ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಿ, ಪ್ರಿಂಟು ತೆಗೆದುಕೊಂಡು ದಾಖಲೆಗಳ ಜೊತೆ ಬರುತ್ತಾರೆ. ಪರಿಶೀಲಿಸಿ ಸಹಿ ಹಾಕುವ ಮೇಜು ನನ್ನದು. ಹಿಂದೆಲ್ಲ ಆ ಮೇಜಿನ ಮುಂದೆ ಕೂತರೆ ನನ್ನ ಬಾಯಿಗೆ ಬಿಡುವಿರುತ್ತಿರಲಿಲ್ಲ. ಬಿಕಾಂ ಯಾರಿಗೆ, ಬಿಎ ಯಾರಿಗೆ, ಮುಖ ನೋಡಿಯೇ ಹೇಳುತ್ತಿದ್ದೆ. ಈ ಸಲ ತಲೆ ಎತ್ತಲಿಲ್ಲ. ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಪತ್ರ, ಸಹಿ. ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಪತ್ರ, ಸಹಿ. ಸಹೋದ್ಯೋಗಿಯೊಬ್ಬರು, "ಏನ್ ಸರ್, ಆರಾಮಿಲ್ಲೇನು? ಗಪ್ಪ ಆಗೀರಲ್ಲ" ಅಂದರು. "ಗಂಟಲು ಹಿಡದದ್ರಿ" ಅಂದೆ.

ಎರಡನೆಯ ದಿನವೋ ಮೂರನೆಯ ದಿನವೋ, ತಲೆ ಎತ್ತಿದಾಗ ಸಾಲಿನಲ್ಲಿ ಅವಳು ನಿಂತಿದ್ದಳು. ಹದಿನೇಳರ ಹುಡುಗಿಯರ ನಡುವೆ ಇಪ್ಪತ್ತು ದಾಟಿದವಳು ಎದ್ದು ಕಾಣುತ್ತಿದ್ದಳು. ಸಾದಾ ಚೂಡಿದಾರ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಹೈದರಾಬಾದಿಗೆ ಹೋಗಲಿಲ್ಲ ಅಂತ ಅಕ್ಕ ಹೇಳಿದ್ದಳು, ಮುಂದೇನು ಅಂತ ನಾನು ಕೇಳಿರಲಿಲ್ಲ. ಈಗ ಕೈ ಎತ್ತಿ, ಸೀದಾ ಮುಂದೆ ಬಾ ಅಂತ ಸನ್ನೆ ಮಾಡಿದೆ. ಅವಳು ಇಲ್ಲ ಅಂತ ತಲೆಯಾಡಿಸಿ ಇದ್ದಲ್ಲೇ ನಿಂತಳು.

ಅವಳ ಮುಂದೆ ಒಬ್ಬ ರೈತ, ಸರಸಂಬಾದ ಕಡೆಯವನು, ತನ್ನ ಮಗಳನ್ನು ಕರೆದುಕೊಂಡು ನಿಂತಿದ್ದ. ಅವನ ಪಾಳಿ ಬಂತು. ಅರ್ಜಿಯಲ್ಲಿ ಬಿಎ ಅಂತ ಇತ್ತು. ಅದನ್ನು ನನ್ನ ಮುಂದಿಟ್ಟವನು ಕೈ ಮಾತ್ರ ತೆಗೆಯಲಿಲ್ಲ.

"ಸರ್, ಜರಾ ಕೇಳೂದಿತ್ರಿ. ಹುಡುಗಿ ರೇಲ್ವೆದಾಗ ನೌಕರಿ ಮಾಡ್ತೇನಿ ಅಂತದ. ಬಿಎ ಮಾಡಿದ್ರ ಆಗ್ತದೇನ್ರಿ? ನಾವ್ 371ಜೆ ತಗಸೇವ್ರಿ. ಸ್ಟೇಷನ್ ನಮ್ಮ ಕಲಬುರಗ್ಯಾಗೇ ಅದಲ್ರಿ, ಸಿಗ್ತದಂತ ಎಲ್ಲಾರೂ ಅಂತಾರ."

ನಾನು ಅವನ ಮಗಳ ಅಂಕಪಟ್ಟಿ ಎತ್ತಿಕೊಂಡೆ. ಅವನು ಕಾದ. ನನಗೆ ಉತ್ತರ ಗೊತ್ತಿತ್ತು, ಈ ಒಂದು ಉತ್ತರ ನನ್ನಷ್ಟು ಚೆನ್ನಾಗಿ ಆ ತಾಲೂಕಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಇನ್ನೊಬ್ಬರ ಮಗಳ ವಿಷಯದಲ್ಲಿ ಹೂಂ ಅನ್ನಲಿಕ್ಕೂ ಊಹೂಂ ಅನ್ನಲಿಕ್ಕೂ ನನಗೆ ಧೈರ್ಯವಾಗಲಿಲ್ಲ.

ಹಿಂದಿನಿಂದ ಅವಳೇ ಮಾತಾಡಿದಳು. "ಕಾಕಾ, ಅದು ಕೇಂದ್ರದ್ದು. ನಮ್ಮ 371ಜೆ ಅಲ್ಲಿ ನಡಿಯಂಗಿಲ್ಲ. ಯಾವ ಕೆಲಸಕ್ಕ ಯಾವ ಓದು ಅಂತ ಅವರ ಪ್ರಕಟಣೆದಾಗೇ ಬರದಿರ್ತಾರ. ಯಾರ್ನೂ ಕೇಳಬ್ಯಾಡ್ರಿ. ನೀವ ಓದ್ರಿ."

ರೈತ ತಿರುಗಿ ನೋಡಿದ. ಅವನಿಗೆ ಸಿಟ್ಟು ಬರಲಿಲ್ಲ. "ನನಗ ಓದಾಕ ಬರಂಗಿಲ್ಲವಾ" ಅಂದ. "ಅದಕ್ಕ ಸರ್‌ಗ ಕೇಳಾಕತ್ತೇನಿ."

ಅವಳು ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ಫೋನು ತೆಗೆದಳು, ರೈಲ್ವೆಯ ಪ್ರಕಟಣೆಯೊಂದನ್ನು ಹುಡುಕಿದಳು. ಸಾಲಿನಲ್ಲಿ ನಿಂತೇ ಓದಿದಳು. ಒಂದೊಂದು ಸಾಲು ಇಂಗ್ಲಿಷಿನಲ್ಲಿ ಓದುವುದು, ಅದನ್ನು ಕನ್ನಡದಲ್ಲಿ ಹೇಳುವುದು. ಟಿಕೆಟ್ ವಿಭಾಗದ ಈ ಹುದ್ದೆಗೆ ಯಾವ ಡಿಗ್ರಿ ಇದ್ದರೂ ಆಗುತ್ತದೆ. ಇದಕ್ಕೆ ಪಿಯುಸಿ ಸಾಕು. ಇದಕ್ಕೆ ಡಿಪ್ಲೊಮಾ ಬೇಕೇ ಬೇಕು. ತನ್ನದೊಂದು ಮಾತನ್ನೂ ನಡುವೆ ಸೇರಿಸಲಿಲ್ಲ. 'ಹಿಂಗ ಮಾಡ್ರಿ' ಅನ್ನಲಿಲ್ಲ, 'ಹಂಗ ಬ್ಯಾಡ್ರಿ' ಅನ್ನಲಿಲ್ಲ. ಹಿಂದಿನವರು ಗೊಣಗಿದರು, ಅವಳು ಕೇಳಿಸಿಕೊಳ್ಳಲಿಲ್ಲ. ರೈತ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಮೇಜಿನ ಈಚೆ ನಾನೂ ಹಾಗೇ ಕೇಳುತ್ತಿದ್ದೆ. ನನ್ನ ಕೆಲಸ ಇಷ್ಟೇ ಇತ್ತು, ಓದಿ ಹೇಳಿ ಸುಮ್ಮನಾಗುವುದು. ನನಗೆ ಹೇಳಲಾಗದಷ್ಟು ನಾಚಿಕೆಯಾಯಿತು.

ಓದಿ ಮುಗಿಸಿ ಅವಳು ರೈತನ ಕಡೆ ನೋಡಲೇ ಇಲ್ಲ. ಅವನ ಮಗಳ ಕಡೆ ತಿರುಗಿದಳು. "ಕೇಳಿದಿಲ್ಲ? ಇದ್ರಾಗ ನಿನಗ ಏನ್ ಬೇಕು?"

ಆ ಹುಡುಗಿ ಅಪ್ಪನ ಮುಖ ನೋಡಿದಳು. "ಅಪ್ಪಗ ಬ್ಯಾಡ, ನನಗ ಹೇಳು" ಅಂದಳು ಇವಳು. ಹುಡುಗಿ, ಟಿಕೆಟ್ ಕೊಡೋದು ಬೇಕು ಅಂದಳು. ಹಾಗಾದರೆ ಬಿಎ ನಡೆಯುತ್ತದೆ ಅಂತ ಅಪ್ಪನೇ ಅಂದ. ನಾನು ಅವರ ಅರ್ಜಿಗೆ ಸಹಿ ಹಾಕಿದೆ.

ಆಮೇಲೆ ಅವಳು ಮುಂದೆ ಬಂದಳು. ಅರ್ಜಿ ಇಟ್ಟಳು. ಬಿಎಸ್ಸಿ, ಭೌತಶಾಸ್ತ್ರ, ಗಣಿತ. ಮೊದಲ ವರ್ಷ. ನಾನು ಒಂದೊಂದೇ ಅಂಕಣ ನೋಡಿದೆ, ಎಲ್ಲಾದರೂ ಒಂದು ತಪ್ಪು ಸಿಕ್ಕರೆ ತಿದ್ದಿ ಕೊಡಬಹುದಿತ್ತು. ಸಿಗಲಿಲ್ಲ. ದಾಖಲೆಗಳನ್ನು ಬೇಕಾದ ಕ್ರಮದಲ್ಲೇ ಜೋಡಿಸಿ ಪಿನ್ನು ಹಾಕಿದ್ದಳು. ಪಾಲಕರ ಸಹಿಯ ಜಾಗದಲ್ಲಿ ಭಾವನ ಸೊಟ್ಟ ಅಕ್ಷರದ ಸಹಿ ಇತ್ತು. ಅವನು ಅದನ್ನು ಓದಿಸಿ ಕೇಳಿಯೇ ಹಾಕಿರಬೇಕು.

ನಾನು ಪೆನ್ನು ಕೆಳಗಿಟ್ಟೆ. ಸುತ್ತ ಜನ ಇದ್ದರು, ಇರಲಿ ಅಂದುಕೊಂಡೆ. ದನಿ ತಗ್ಗಿಸಿ, "ಅವ್ವಾ, ನಿನಗ ಏನ್ ಬೇಕಿತ್ತು ಅಂತ ನಾ ಅವತ್ತು ಕೇಳಲೇ ಇಲ್ಲಲ್ಲ" ಅಂದೆ. "ಈಗ ಹೇಳು. ಏನ್ ಬೇಕು?"

ಅವಳು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ನನ್ನ ಮುಖದಲ್ಲಿ ಆ ಊಟದ ದಿನದಿಂದ ಏನಿದೆಯೋ ಅದೇ ಅವಳ ಮುಖದಲ್ಲೂ ಇತ್ತು. ಆಮೇಲೆ ಬೆರಳನ್ನು ಅರ್ಜಿಯ ಕೊನೆಗೆ ತಂದು ಖಾಲಿ ಜಾಗದ ಮೇಲೆ ಇಟ್ಟಳು.

"ಇಲ್ಲಿ ಸಹಿ ಮಾಡ್ರಿ, ಸರ್" ಅಂದಳು.